ಇಂಗ್ಲೆಂಡಿನ ತೊಲೆಗೆ ನಮ್ಮ ತೊಟ್ಟಿಲು

ವಿಲಾಯತಿಗೆ ಹೋಗಿ ಬಂದವಳೆಂದು ಬೈಲಹೊಂಗಲದಲ್ಲಿ ಈಗ ನನಗೆ ಭಾರಿ ಮಾನ. ಬಸ್ಸು ಹತ್ತಿದರೆ ಹೆಂಗಸರು ಸರಿದು ಜಾಗ ಕೊಡುತ್ತಾರೆ. ಜಾಗ ಕೊಟ್ಟ ಮೇಲೆ ಸುಮ್ಮನೆ ಬಿಡುತ್ತಾರೆಯೇ? "ರಾಣೀ ಅರಮನಿ ನೋಡೀದೇನ್ ಬೇ?" ಎಂದು ಕೇಳುತ್ತಾರೆ. ನೋಡಲಿಲ್ಲ. ಲಂಡನ್ನಿನಲ್ಲಿ ನಾನು ಕಂಡದ್ದು ಒಂದು ರೈಲು ನಿಲ್ದಾಣ, ಅದರ ಹೊಗೆ, ಆ ಹೊಗೆಯಲ್ಲಿ ಕೆಮ್ಮುತ್ತಾ ಓಡುವ ಜನ. ಆದರೆ ಒಂದು ಒಕ್ಕಲುತನದ ಮನೆಯನ್ನು ನೋಡಿದೆ. ಒಂದು ಚಳಿಗಾಲ ಪೂರ್ತಿ ಅದರಲ್ಲಿ ಬಾಳಿದೆ. ಅದರ ಗೋಡೆ ತಟ್ಟಿ, ತೊಲೆ ಮುಟ್ಟಿ ಬಂದೆ. ಅರಮನೆಯ ಮಾತು ದೊಡ್ಡವರು ಬರೆಯಲಿ. ಮೂರನೆಯ ಇಯತ್ತೆ ಓದಿದ ನಾನು ಈ ಮನೆಯ ಮಾತನ್ನು ಬರೆಯುತ್ತೇನೆ. ಯಾಕೆಂದರೆ ನನ್ನ ಮೊಮ್ಮಗಳು ಹುಟ್ಟಿದ್ದು ಅಲ್ಲಿ.

ಹೊರಡುವ ಮುಂಚೆ

ನನಗೆ ಒಬ್ಬಳೇ ಮಗಳು, ನೀಲವ್ವ. ಅಳಿಯಂದಿರು ರಾಮದುರ್ಗದವರು, ಶಿವಲಿಂಗಪ್ಪ. ಮುಂಬಯಿ ಸರಕಾರ ಅವರನ್ನು ಆಕಳುಗಳ ವಿದ್ಯೆ ಕಲಿತು ಬಾ ಎಂದು ಇಂಗ್ಲೆಂಡಿಗೆ ಕಳಿಸಿತು. ನಮ್ಮ ದನ ಕಾಯುವವರು ಕೇಳಿ ನಕ್ಕರು, "ಆಕಳಾ ನೋಡಾಕ ಅಷ್ಟ್ ದೂರ ಹೋಗಬೇಕೇನ್ರೀ?" ನಗಲಿ. ನಮ್ಮ ಕಡೆಯಿಂದ ಯಾರು ಹೋಗಿದ್ದರು ಮೊದಲು?

ಗಂಡನ ಜತೆ ಹೋಗಿದ್ದ ಮಗಳು ಅಲ್ಲಿ ಬಸುರಾದಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರಿನ ತೊಲೆಗೆ ತೊಟ್ಟಿಲು ಕಟ್ಟಬೇಕು. ಇದು ಬದಲಾಗದ ಮಾತು. ಆದರೆ ಆ ಸ್ಥಿತಿಯಲ್ಲಿ ಅವಳನ್ನು ಹಡಗು ಹತ್ತಿಸಬೇಡಿರಿ ಎಂದು ಅಲ್ಲಿಯ ಡಾಕ್ಟರರು ಹೇಳಿದರಂತೆ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಕಡೆಗೆ ಹೋಗಬೇಕು ಎಂದೆ. ನಮ್ಮ ಮನೆಯವರು ಎದ್ದು ಏಣಿ ಹಾಕಿದರು. ಅಟ್ಟದ ಮೇಲಿಂದ ತೊಟ್ಟಿಲು ಇಳಿಸಿ ಧೂಳು ಒರೆಸತೊಡಗಿದರು. ಸಾಗುವಾನಿಯ ತೊಟ್ಟಿಲು, ನಾಲ್ಕು ಮೂಲೆಗೆ ಗಿಳಿ, ಹಿತ್ತಾಳೆಯ ಸರಪಳಿ. ನೀಲವ್ವನನ್ನು ತೂಗಿದ್ದು ಅದರಲ್ಲೇ. ಬಡಿಗರನ್ನು ಕರೆಸಿ ಅದನ್ನು ಕಳಚಿ, ಕೌದಿಯಲ್ಲಿ ಸುತ್ತಿ ಕಟ್ಟಿಸಿದರು.

ಬೀಳ್ಕೊಡಲು ಬೀಗತಿ ರಾಮದುರ್ಗದಿಂದ ಬಂದಿದ್ದರು. ಒಳ್ಳೆಯವರೇ, ಆದರೆ ಬಾಯಿ ಹರಿತ. ಕಟ್ಟಿದ ಗಂಟನ್ನು ಬೆರಳಿನಿಂದ ತಟ್ಟಿ ಕೇಳಿದರು:

"ಅಲ್ರಿ ಅಕ್ಕಾರ, ತೊಟ್ಟಿಲಾ ಒಯ್ತೀರಿ, ಖರೇ. ಕಟ್ಟೂದೆಲ್ಲಿ? ಬಿಳೇರ ಮನಿ ಕಾಗದದ ಡಬ್ಬಿ ಇದ್ದಂಗ ಇರತಾವಂತ. ತೊಲಿ ಎಲ್ಲಿಂದ ತರ್ತೀರಿ?"

"ತೊಲಿ ಇಲ್ಲದ ಊರಾಗ ಅಷ್ಟ್ ಸಾಹೇಬರು ಹೆಂಗ ಹುಟ್ಟ್ಯಾರ್ರಿ?"

"ಹುಟ್ಟ್ಯಾರ್ರಿ. ಯಾರೂ ತೂಗಿಲ್ಲ. ಅದಕ್ಕ ಹಂಗ ಬಿರುಸು ಅದಾರ!"

ಮನೆ ತುಂಬ ನಗು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮೊದಲ ಕೂಸನ್ನು ನೆಲದ ಮೇಲೆ ಮಲಗಿಸಿ ಹೆಸರಿಟ್ಟರು ಎನ್ನಿಸಿಕೊಂಡರೆ ತವರಿನ ಮಾನ ಏನಾಯಿತು? ನನ್ನ ಮೊಮ್ಮಗು ನಮ್ಮ ತೊಟ್ಟಿಲಿನಲ್ಲಿ, ಗಟ್ಟಿ ತೊಲೆಯ ಕೆಳಗೆ, ನೆಲ ಬಿಟ್ಟು ತೂಗಬೇಕು. ನಾನು ಸಮುದ್ರ ದಾಟಿದ್ದು ಇದೊಂದಕ್ಕೇ.

ಸುಂಕದ ಕಟ್ಟೆ

ಹಡಗಿನ ಮಾತು ಹೆಚ್ಚು ಬರೆಯುವುದಿಲ್ಲ. ಧಾರವಾಡದ ಮಾಸ್ತರರೊಬ್ಬರು ಹೆಂಡತಿಯೊಡನೆ ಹೊರಟಿದ್ದರು, ಅವರ ಜತೆ ನನ್ನನ್ನು ಕಳಿಸಿದರು. ಏಡನ್ ಬರುವವರೆಗೆ ನನ್ನ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಮನೋಳಿಯ ಹತ್ತಿರ ತುಂಬಿದ ಮಲಪ್ರಭೆಯನ್ನು ಹರಿಗೋಲಿನಲ್ಲಿ ದಾಟಿದವಳು ನಾನು ಎಂದು ಜಂಬ ಪಟ್ಟಿದ್ದೆ. ಆ ಜಂಬವೂ ವಾಂತಿಯಲ್ಲಿ ಹೋಯಿತು.

ಇಂಗ್ಲೆಂಡಿನ ಬಂದರಿನಲ್ಲಿ ಇಳಿದ ಕೂಡಲೇ ಸುಂಕದವರು ಗಂಟು ಬಿಚ್ಚಿಸಿದರು. ತೊಟ್ಟಿಲಿನ ಹಲಗೆ ನೋಡಿದರು, ಸರಪಳಿ ನೋಡಿದರು. ಆಮೇಲೆ ಕೆಂಪು ಮೀಸೆಯ ಒಬ್ಬ ಹುಡುಗ ಸಾಹೇಬನ ಕೈಗೆ ನನ್ನ ಗುಂಡಕಲ್ಲು ಸಿಕ್ಕಿತು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡಕಲ್ಲಿಗೆ ಕೂಸಿನ ಕುಂಚಿಗೆ ಹಾಕಿ, ಕಾಡಿಗೆ ಹಚ್ಚಿ ಮಲಗಿಸುವುದು ನಮ್ಮ ಪದ್ಧತಿ. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆ ಹುಡುಗ ಕಲ್ಲನ್ನು ಅಲುಗಾಡಿಸಿದ, ಮೂಸಿದ, ಬೆಳಕಿಗೆ ಹಿಡಿದ. ಒಳಗೆ ಬಂಗಾರ ಇದೆ ಎಂದುಕೊಂಡಿರಬೇಕು.

ಮಾಸ್ತರರು ಬೆವರುತ್ತಾ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ದೇಶದಾಗ ಕಲ್ಲ ಸಿಗೂದಿಲ್ಲಂತ ತಂದೀರೇನು ಅಂತ ಕೇಳಾಕತ್ತಾನ್ರಿ" ಎಂದರು.

"ಇದು ಕಲ್ಲಲ್ಲ, ನನ್ನ ಮೊಮ್ಮಗುವಿಗೆ ಅಣ್ಣ ಅಂತ ಹೇಳ್ರಿ."

ಹೇಳಿದರೋ ಇಲ್ಲವೋ ತಿಳಿಯದು. ಹುಡುಗ ಮಾತ್ರ ಕಲ್ಲನ್ನು ಎರಡೂ ಕೈಯಿಂದ, ಬಹಳ ಜೋಪಾನವಾಗಿ, ತಿರುಗಿ ಕೌದಿಯಲ್ಲಿ ಮಲಗಿಸಿದ.

ಮಣ್ಣಿನ ಗೋಡೆ

ಅಳಿಯಂದಿರು ಇದ್ದ ಸೀಮೆಗೆ ಡೆವನ್ ಎಂದು ಹೆಸರು. ರೈಲಿನಿಂದ ಇಳಿದು, ಎರಡೂ ಕಡೆ ಬೇಲಿ ಎತ್ತರಕ್ಕೆ ಬೆಳೆದ ಇಕ್ಕಟ್ಟು ಹಾದಿಯಲ್ಲಿ ಹಾಲಿನ ಗಾಡಿಯಲ್ಲಿ ಹೋದೆವು. ಒಂದು ತಿರುವಿನಲ್ಲಿ ಮನೆ ಕಂಡಿತು. ಉದ್ದಕ್ಕೆ ಮಲಗಿದ ಮನೆ. ಮೊಳಗಟ್ಟಲೆ ದಪ್ಪದ ಹುಲ್ಲಿನ ಛಾವಣಿ ಕಿಟಕಿಯ ಹುಬ್ಬಿನವರೆಗೆ ಇಳಿದಿತ್ತು. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರಿಗಾರನಂತೆ.

ನಾನು ಮೊದಲು ಹೋಗಿ ಮುಟ್ಟಿದ್ದು ಗೋಡೆಯನ್ನು. ಸುಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಒಳಗೆ ನೋಡಿದರೆ ಮಣ್ಣು! ಹುಲ್ಲು ಹೊಟ್ಟು ಕಲಸಿ, ತುಳಿದು ತುಳಿದು ಏರಿಸಿದ ಮಣ್ಣು. ನನಗೆ ಕಣ್ಣು ತುಂಬಿತು.

"ನೀಲಾ, ಇದು ನಮ್ಮದ ಗೋಡಿ ಅಲ್ಲೇನ?"

"ಹೌದ ಬೇ ಯವ್ವಾ. ಇಲ್ಲೆ ಹಿಂದಕ ಮಣ್ಣ ತುಳಿಯಾಕ ಎತ್ತ ಬಿಡತಿದ್ರಂತ."

"ನಮ್ಮ ಮನಿಗೆ ನಿಮ್ಮ ಮುತ್ತ್ಯಾ ಕೋಣ ಬಿಟ್ಟಿದ್ದ. ಇವರಿಗಿಂತ ನಮ್ಮದ ಗಟ್ಟಿ!" ಎಂದೆ. ಆಮೇಲೆ ಮನೆಯ ವಯಸ್ಸು ಕೇಳಿ ಬಾಯಿ ಮುಚ್ಚಿಕೊಂಡೆ. ಕಿತ್ತೂರಿನ ಕೋಟೆ ಏಳುವ ಮೊದಲೇ ಈ ಮನೆ ಎದ್ದಿತ್ತಂತೆ.

ಬಾಗಿಲು ಕುಳ್ಳು. ಆರಡಿ ಎತ್ತರದ ಅಳಿಯಂದಿರು ದಿನಾ ಒಂದು ಸಲ ಹಣೆ ಬಡಿಸಿಕೊಳ್ಳುತ್ತಿದ್ದರು. ನಾನು ಮಾತ್ರ ತಲೆ ಎತ್ತಿಕೊಂಡೇ ಒಳಗೆ ಹೋದೆ. ಬಾಗಿಲು ದಾಟಿದರೆ ನಡುವೆ ಆರಪಾರ ಒಂದು ಓಣಿ. ಅದರ ಏರುಗಡೆಗೆ ಜನ, ಇಳಿಜಾರಿನ ಕಡೆಗೆ ದನ, ಎಲ್ಲರ ತಲೆಯ ಮೇಲೂ ಒಂದೇ ಛಾವಣಿ. ನಮ್ಮಲ್ಲಿ ಮುಂದೆ ದನ, ಹಿಂದೆ ಜನ. ಇವರು ಇಳಿಜಾರಿನಲ್ಲಿ ಕಟ್ಟಿ, ಗಂಜಲ ತಾನಾಗಿ ಕೆಳಗೆ ಹರಿದು ಹೋಗುವಂತೆ ಮಾಡಿದ್ದಾರೆ. ಜಾಣರು, ಒಪ್ಪಬೇಕು.

ಅಡುಗೆಮನೆಯ ಒಲೆಯೋ, ಅದರ ಒಳಗೆ ನಾಲ್ಕು ಜನ ಕೂತು ಎಲೆ ಅಡಿಕೆ ಹಾಕಬಹುದು. ಒಲೆಯ ಮೇಲಿನ ಅಡ್ಡ ತೊಲೆಯ ಮೇಲೆ ಯಾರೋ ಉಳಿಯಿಂದ ಆರು ದಳದ ಹೂವು ಕೊರೆದಿದ್ದರು. ಹೊಗೆಯ ಹಾದಿಯಿಂದ ಕೆಟ್ಟದ್ದು ಇಳಿದು ಬರಬಾರದು ಎಂದು ಹಿಂದಿನವರು ಕೊರೆದದ್ದಂತೆ. ದೃಷ್ಟಿಗೆ ಹೆದರುವವರು ನಾವಷ್ಟೇ ಎಂದುಕೊಂಡಿದ್ದೆ.

ತೊಲೆಗಳ ಮಾತು ಬಂತಲ್ಲ. ನಮ್ಮ ಕಡೆಯ ಚಚಡಿಯ ದೊಡ್ಡ ವಾಡೆಯ ತೊಲೆ ನೋಡಿದವಳು ನಾನು, ಸುಲಭಕ್ಕೆ ಬೆರಗಾಗುವವಳಲ್ಲ. ಆದರೆ ಈ ಓಕ್ ಮರದ ತೊಲೆಗಳು ಕಬ್ಬಿಣದಂತೆ ಕಪ್ಪಗೆ, ಆನೆಯ ಬೆನ್ನಿನಂತೆ ಬಾಗಿ ಕೂತಿದ್ದವು. ಕಾಗದದ ಡಬ್ಬಿಯಂತೆ! ರಾಮದುರ್ಗದ ಕಡೆ ಮುಖ ಮಾಡಿ ಮನಸ್ಸಿನಲ್ಲೇ ನಕ್ಕೆ.

ಎರಡು ಕೊಕ್ಕೆ

ಮನೆಯ ಒಡತಿ ಮಿಸೆಸ್ ಡನ್. ನನ್ನ ವಯಸ್ಸಿನ ವಿಧವೆ, ಮಕ್ಕಳಿಲ್ಲ, ದನಕ್ಕೊಬ್ಬ ಆಳನ್ನಿಟ್ಟು, ಗಂಡಸರ ಬೂಟು ಹಾಕಿಕೊಂಡು ಒಬ್ಬಳೇ ಒಕ್ಕಲುತನ ಮಾಡುವವಳು. ನಾನು ಡನ್ನವ್ವ ಎಂದು ಕರೆದೆ, ಆಕೆ ಓಗೊಟ್ಟಳು. ಮೇಲಿನ ಎರಡು ಕೋಣೆ ನಮ್ಮವರಿಗೆ ಬಾಡಿಗೆ, ಅಡುಗೆಮನೆ ಎಲ್ಲರಿಗೂ.

ಆ ಅಡುಗೆಮನೆಯ ನಡುವಿನ ತೊಲೆಯಲ್ಲಿ ಎರಡು ಕಬ್ಬಿಣದ ಕೊಕ್ಕೆಗಳು. ನಡುವೆ ಸರಿಯಾಗಿ ಒಂದು ತೊಟ್ಟಿಲಿನ ಅಂತರ. ತಿಕ್ಕಿ ತಿಕ್ಕಿ ಮಿಂಚುತ್ತಿದ್ದವು. ನೋಡಿದ ಕೂಡಲೇ ನನ್ನ ಜೀವ ಹಗುರಾಯಿತು. ಈ ಮನೆಯವರಿಗೂ ತೊಟ್ಟಿಲು ಗೊತ್ತು. ಎಷ್ಟು ಕೂಸುಗಳನ್ನು ತೂಗಿ ನುಣುಪಾದ ಕೊಕ್ಕೆಗಳೋ! ನಾನು ಯಾರನ್ನೂ ಕೇಳಲಿಲ್ಲ. ಮುಂಜಾನೆ ಸ್ನಾನ ಮಾಡಿ, ಸ್ಟೂಲು ಹತ್ತಿ, ಎರಡಕ್ಕೂ ವಿಭೂತಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ, ಕೈಮುಗಿದೆ. ದಿನಾ ಇದೇ ಪೂಜೆ. ಡನ್ನವ್ವ ಒಲೆಗೆ ಕಟ್ಟಿಗೆ ಒಡ್ಡುತ್ತಾ ನೋಡುತ್ತಿದ್ದಳು.

ಒಂದು ಮುಂಜಾನೆ ತಟ್ಟೆ ಹಿಡಿದುಕೊಂಡು ಕೆಳಗಿಳಿದೆ. ನನ್ನ ಎರಡೂ ಕೊಕ್ಕೆಗೆ ಎರಡು ಭಾರಿ ಹಂದಿಯ ತೊಡೆ ತೂಗುಬಿದ್ದಿದ್ದವು.

ತಟ್ಟೆ ಎಲ್ಲಿ ಬಿತ್ತೋ, ನಾನು ಎಷ್ಟು ಚೀರಿದೆನೋ! ನೀಲವ್ವ ಓಡಿ ಬಂದಳು. ಅವಳ ಹಿಂದೆ ಡನ್ನವ್ವ.

"ಯವ್ವಾ, ಅವು ಮೊದಲಿಂದಲೂ ಅದಕ್ಕ ಅದಾವಬೇ! ಚಳಿಗಾಲಕ್ಕ ಹಂದಿ ಕೊಯ್ದು, ಉಪ್ಪ ಹಚ್ಚಿ, ಇಲ್ಲೆ ಹೊಗಿಗೆ ತೂಗಹಾಕ್ತಾರ."

"ನೀ ಯಾಕ ಹೇಳಲಿಲ್ಲಾ?"

"ನೀ ಕಬ್ಬಣಕ್ಕ ಪೂಜಿ ಮಾಡತಿ ಅಂದ್ಕೊಂಡಿದ್ದೆ, ಆಯುಧ ಪೂಜಿ ಮಾಡಿದಂಗ!"

ಡನ್ನವ್ವ ಏನೋ ಹೇಳಿದಳು. ನೀಲವ್ವ ಅದನ್ನು ಕನ್ನಡಕ್ಕೆ ತರಲು ಹೋಗಿ ನಗುತ್ತಾ ಗೋಡೆ ಹಿಡಿದುಕೊಂಡಳು. "ಈ ವರ್ಷ ಹಂದಿ ಬಾಳ ಚಲೋ ಬಲತೈತಿ, ನಿಮ್ಮವ್ವನ ಪೂಜಿ ಗುಣಾ ಅಂತಾಳ!"

ನಗು ನಗುತ್ತಲೇ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ನಗಲಿಲ್ಲ.

ಕೂಸು

ಸೂಲಗಿತ್ತಿ ಸೈಕಲ್ ಮೇಲೆ ಬಂದಳು. ಗಟ್ಟಿಮುಟ್ಟಾದ ಹೆಣ್ಣು, ಟೋಪಿ ಬೇರೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಳಿಯಂದಿರನ್ನು ನೀರು ಕಾಯಿಸಲು ಅಟ್ಟಿ, ನನ್ನ ಕಡೆ ನೋಡಿ ತೋಳು ಏರಿಸಿದಳು. ನಾನೂ ಸೆರಗು ಸಿಗಿಸಿದೆ. ಆಕೆಗೆ ನನ್ನ ಭಾಷೆ ಬಾರದು, ನನಗೆ ಆಕೆಯದು ಬಾರದು. ಆದರೆ ಆಕೆ ಕೈ ಚಾಚುವ ಮೊದಲೇ ಬೇಕಾದದ್ದು ನನ್ನ ಕೈಯಲ್ಲಿ ಇರುತ್ತಿತ್ತು.

ಸಂಜೆ ದನ ಒಳಗೆ ಬರುವ ಹೊತ್ತಿಗೆ ನಾನು ಅಜ್ಜಿಯಾದೆ.

ಹೆಣ್ಣು. ಎಳೆ ಜೋಳದ ತೆನೆಯಂತಹ ಮೈ, ತಲೆ ತುಂಬ ಕೂದಲು, ಮೂಗು ಮಾತ್ರ ರಾಮದುರ್ಗದ್ದು. ನಾನು ಎತ್ತಿಕೊಂಡು ಓಣಿಗೆ ಬಂದು ಡನ್ನವ್ವನಿಗೆ ತೋರಿಸಿದೆ, ದನದವನಿಗೆ ತೋರಿಸಿದೆ, ಮೇವು ತಿನ್ನುತ್ತಿದ್ದ ಆಕಳುಗಳಿಗೂ ತೋರಿಸಿದೆ. ಮನೆಯ ಹೊರಗೆ ಮಂಜು ಇತ್ತು, ಇಲ್ಲದಿದ್ದರೆ ಊರೆಲ್ಲ ಸುತ್ತಿ ಬರುತ್ತಿದ್ದೆ.

ಓಕ್ ತೊಟ್ಟಿಲು

ಮರುದಿನ ಡನ್ನವ್ವ ಒಂದು ತೊಟ್ಟಿಲನ್ನು ಅಟ್ಟದಿಂದ ತಾನೇ ಹೊತ್ತು ತಂದಳು. ಅದೂ ಓಕ್ ಮರದ್ದೇ. ಅಡಿಯಲ್ಲಿ ಬಿಲ್ಲಿನಂತಹ ಎರಡು ಹಲಗೆ. ನೆಲದ ಮೇಲಿಟ್ಟು ಕಾಲಿನಿಂದ ತೂಗುವಂಥದ್ದು. ಅವಳ ಗಂಡ ಅದರಲ್ಲಿ ಮಲಗಿದ್ದನಂತೆ, ಗಂಡನ ಅಪ್ಪ, ಅಪ್ಪನ ಅಪ್ಪ ಎಲ್ಲರೂ. ಆಕೆಗೆ ಮಾತ್ರ ಅದರಲ್ಲಿ ಮಲಗಿಸುವ ಭಾಗ್ಯ ಬರಲಿಲ್ಲ. ಎಣ್ಣೆ ಹಚ್ಚಿ ಒರೆಸಿ ತಂದಿದ್ದಳು.

ಹೆಸರಿಡುವ ದಿನ ಹತ್ತಿರ ಬರುತ್ತಿತ್ತು. ನಾನು ನೀಲವ್ವನ ಕೈಯಲ್ಲಿ ಕೇಳಿಸಿದೆ: ನಡುವಿನ ತೊಲೆಗೆ ಬೇರೆ ಎರಡು ಕೊಂಡಿ ಬಡಿಯಲು ಬಿಡಬೇಕು.

ಡನ್ನವ್ವನ ಮುಖ ಗೋಡೆಯಾಯಿತು.

"ಆಗೂದಿಲ್ಲಂತ, ಯವ್ವಾ. ಆಕೀ ಗಂಡನ ಮುತ್ತ್ಯಾನ ಕಾಲದಿಂದ ಈ ತೊಲಿಗೆ ಒಂದ ಮೊಳಿ ಸೈತ ಬಡದಿಲ್ಲಂತ. ತೂತ ಬಿದ್ದರ ಹುಳಾ ಹೊಕ್ಕತೈತಂತ. ಕೊಕ್ಕಿ ಅದಾವಲ್ಲಾ, ಮಾಂಸಾ ಇಳಿಸಿ ಕೊಡತೇನಿ, ಇಲ್ಲಾ ನನ್ನ ತೊಟ್ಟಿಲದಾಗ ಹಾಕ್ರಿ ಅಂತಾಳ."

"ಲಿಂಗವಂತರ ಕೂಸಿನ್ನ ಹಂದಿ ಕೊಕ್ಕಿಗೆ ತೂಗಹಾಕಲೇನು?"

"ಅತ್ತಿಯವರ," ಎಂದು ಅಳಿಯಂದಿರು ನಡುವೆ ಬಂದರು, "ಆಕೀ ತೊಟ್ಟಿಲನೂ ತೊಟ್ಟಿಲಲ್ರಿ. ಒಂದ ದಿನದ ಮಾತು."

"ಅಳಿಯಾರ, ನೆಲದ ಮ್ಯಾಲ ಹೊಳ್ಳಾಡೂದು ತೊಟ್ಟಿಲಲ್ಲ, ದೋಣಿ. ನಾ ಹಡಗಿನ್ಯಾಗ ಸಾಕಷ್ಟ ಹೊಳ್ಳಾಡಿ ಬಂದೇನಿ."

ಇದನ್ನು ನೀಲವ್ವ ಇಂಗ್ಲಿಷಿಗೆ ತರಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ಡನ್ನವ್ವ ತನ್ನ ತೊಟ್ಟಿಲನ್ನು ಎತ್ತಿಕೊಂಡು ತಿರುಗಿ ಅಟ್ಟಕ್ಕೆ ಹೋದಳು. ಆಮೇಲೆ ಒಂದೇ ಒಲೆಯ ಮುಂದೆ ಇಬ್ಬರು ಮುದುಕಿಯರು ಬೆನ್ನು ಮಾಡಿ ಕೂತೆವು. ಆಕೆಗೆ ಅವಳ ಮನೆಯ ಅಭಿಮಾನ, ನನಗೆ ನನ್ನ ಮನೆಯದು. ಹಾಲು ಮಾತ್ರ ಬಾಣಂತಿಗೆಂದು ದಿನಾ ತಪ್ಪದೆ ಮೆಟ್ಟಿಲಿನ ಮೇಲೆ ಬಂದು ಕೂರುತ್ತಿತ್ತು.

ಕೆಳಗಿನ ಅಂಕಣ

ನೆಲ ಸಾರಿಸದೆ ಹೆಸರಿಡುವುದು ಹೇಗೆ? ಸೆಗಣಿ ತರಲೆಂದು ಬುಟ್ಟಿ ಹಿಡಿದು ದನದ ಕಡೆಗೆ ಹೋದೆ. ಕೆಂಪು ಆಕಳು, ಸಾಲಾಗಿ ಕಟ್ಟಿದ್ದವು. ಕೊನೆಯ ಅಂಕಣ ಖಾಲಿ. ಬಗ್ಗಿದವಳು ಬೆನ್ನು ನೆಟ್ಟಗೆ ಮಾಡಿ ಮೇಲೆ ನೋಡಿದೆ.

ಅಲ್ಲಿ ಅಟ್ಟದ ಹಲಗೆ ಇರಲಿಲ್ಲ. ಅಡುಗೆಮನೆಯ ತೊಲೆಯ ಮೇಲೆ ಹಲಗೆ ಹಾಸಿ ಮುಚ್ಚಿದ್ದಾರೆ, ಹಗ್ಗ ಹಾಯಿಸಲು ಸಂದಿಲ್ಲ. ಇಲ್ಲಿ ತೊಲೆ ಬಯಲಾಗಿ ನಿಂತಿತ್ತು, ಎರಡು ಗೋಡೆಗೆ ಎರಡು ಕೈ ಚಾಚಿ. ಅದೇ ಓಕ್, ಅದೇ ಬಡಿಗರ ಉಳಿಯ ಗುರುತು, ಅದೇ ಛಾವಣಿ. ಸರಪಳಿಯನ್ನು ಮೇಲಿಂದ ಸುತ್ತಿ ಇಳಿಸಿದರೆ ಆಯಿತು. ಮೊಳೆಯೇ ಬೇಡ!

ಬುಟ್ಟಿ ಅಲ್ಲೇ ಬಿಟ್ಟು ಓಡಿದೆ. ಕೇಳಿ ನೀಲವ್ವ ಅಳುವ ಮುಖ ಮಾಡಿದಳು.

"ದನದ ಕೊಟ್ಟಿಗ್ಯಾಗ? ಯವ್ವಾ, ನಮ್ಮ ಅತ್ತಿ ಕೇಳಿದರ ಏನಂದಾರು!"

"ನಮ್ಮ ಮನ್ಯಾಗ ಕೊಟ್ಟಿಗಿ ಎಲ್ಲೈತಿ? ಒಂದ ಹೊಸ್ತಲಾ ದಾಟಿ ಎತ್ತೂ ಬರತಾವು, ಸೊಸಿನೂ ಬರತಾಳ. ನಿನ್ನ ತೊಟ್ಟಿಲಾ ತೂಗಿದಾಗ ಗ್ವಾದಲ್ಯಾಗ ಮೇವ ತಿನ್ನೂ ಎಮ್ಮಿ ನಿನ್ನ ಕುಂಚಿಗಿ ನೆಕ್ಕತಿತ್ತು. ನಿನಗೇನ್ ಕಡಿಮಿ ಆತು?"

ಅವಳು ಮೂಗು ಒರೆಸಿಕೊಂಡು ನಕ್ಕಳು.

ನಾನು ಆ ಅಂಕಣವನ್ನು ಗುಡಿಸಿ ತೊಳೆದೆ. ಕಲ್ಲು ಹಾಸಿನ ಮೇಲೆ ಸೆಗಣಿ ಸಾರಿಸುತ್ತಿರುವಾಗ ಡನ್ನವ್ವ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ತಾನು ದಿನಾ ಹೊರಗೆ ಹಾಕಿಸುವುದನ್ನು ನಾನು ಒಳಗೆ ಬಳಿಯುತ್ತಿದ್ದೇನೆ! ನೀಲವ್ವ ಎಲ್ಲವನ್ನೂ ಹೇಳಿದಳು. ಆಕೆ ತಲೆ ಎತ್ತಿ ತೊಲೆಯನ್ನು ನೋಡಿದಳು. ಸರಪಳಿಯನ್ನು ನೋಡಿದಳು. ತಿರುಗಿ ಹೊರಟು ಹೋದಳು.

ಮುಗಿಯಿತು ಎಂದುಕೊಂಡೆ. ತೊಲೆ ಆಕೆಯದು, ಬೇಡ ಎಂದರೆ ಬೇಡ. ಸಾರಿಸಿದ ನೆಲದ ಮೇಲೆ ಕೂತುಬಿಟ್ಟೆ.

ಆಕೆ ತಿರುಗಿ ಬಂದಾಗ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕುದುರೆಯ ಹಳೆಯ ಚರ್ಮದ ಪಟ್ಟಿ. ಏಣಿ ಹಾಕಿ, ಸ್ಕರ್ಟು ಮೊಣಕಾಲಿಗೆ ಎತ್ತಿ ಕಟ್ಟಿ, ತಾನೇ ಹತ್ತಿದಳು. ತೊಲೆಗೆ ಚರ್ಮವನ್ನು ಎರಡು ಸುತ್ತು ಸುತ್ತಿ ಬಿಗಿದಳು, ಸರಪಳಿ ಮರವನ್ನು ಕಚ್ಚಬಾರದೆಂದು. ಆಮೇಲೆ ಮೇಲಿಂದಲೇ ನನ್ನ ಕಡೆ ಕೈ ಚಾಚಿದಳು. ನಾನು ಹಿತ್ತಾಳೆ ಸರಪಳಿಯನ್ನು ಆ ಕೈಗೆ ಕೊಟ್ಟೆ.

ತೊಟ್ಟಿಲು ನೆಲ ಬಿಟ್ಟು ಎದ್ದಿತು. ಆಕೆ ಇಳಿದು ಬಂದು, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಜಗ್ಗಿ ನೋಡಿದಳು. ತೊಲೆ ಕಿರ್ ಎನ್ನಲಿಲ್ಲ.

ಹೆಸರು

ಹೆಸರಿಡುವ ದಿನ ಸೂಲಗಿತ್ತಿ ಬಂದಳು, ದನದವನ ಹೆಂಡತಿ ಬಂದಳು, ಅಂಚೆ ಹಂಚುವ ಹೆಂಗಸು ಚೀಲ ಸಮೇತ ನಿಂತಳು. ಕಡಲೆ ಸಿಗದೆ ಬಟಾಣಿಯ ಗುಗ್ಗರಿ ಮಾಡಿದ್ದೆ. ಗುಂಡಕಲ್ಲು ಮಲಗಿತು, ಎದ್ದಿತು. ಕೂಸನ್ನು ತೊಟ್ಟಿಲಿನ ಮೇಲಿಂದ ಒಬ್ಬರು, ಕೆಳಗಿಂದ ಒಬ್ಬರು ಕೊಟ್ಟು ತೆಗೆದುಕೊಂಡೆವು. ಆಕಳುಗಳು ತಿರುಗಿ ತಿರುಗಿ ನೋಡಿದವು.

ಇನ್ನು ಕಿವಿಯಲ್ಲಿ ಹೆಸರು ಹೇಳಬೇಕು. ಹೇಳುವವಳು ಸೋದರತ್ತೆ. "ಇವರ ತಂಗಿ ರಾಮದುರ್ಗದಾಗ ಕುಂತಾಳ," ಎಂದಳು ನೀಲವ್ವ, "ಯಾರ ಹೇಳ್ತಾರ?"

ನಾನು ಡನ್ನವ್ವನ ಕೈ ಹಿಡಿದು ಮುಂದೆ ತಂದೆ. ಆಕೆ ವಿಧವೆ, ಊರಿನಲ್ಲಾಗಿದ್ದರೆ ಹತ್ತು ಬಾಯಿ ಹತ್ತು ಮಾತು ಆಡುತ್ತಿದ್ದವು. ಆಡಲಿ. ತೊಲೆ ಕೊಟ್ಟವಳು ಅತ್ತೆಯಲ್ಲದೆ ಮತ್ತೇನು?

"ಏನ್ ಹೆಸರು?" ಎಂದು ಆಕೆ ಕೇಳಿಸಿದಳು.

"ಚೆನ್ನವ್ವ."

ಅಳಿಯಂದಿರು ಕೆಮ್ಮಿದರು. ನೀಲವ್ವ ಮೆಲ್ಲಗೆ, "ಯವ್ವಾ, ಕಿತ್ತೂರಿನ ಕಥಿ ಆಕೀಗೆ ಹೇಳಲೇನು?"

"ಹೇಳು. ಮುಚ್ಚಿಟ್ಟು ಇಡೂ ಹೆಸರಲ್ಲ ಅದು."

ನೀಲವ್ವ ಹೇಳಿದಳು: ನಮ್ಮ ಕಿತ್ತೂರಿನ ರಾಣಿಯ ಹೆಸರು, ಆಕೆ ಕತ್ತಿ ಹಿರಿದದ್ದು ನಿಮ್ಮವರ ಮೇಲೆ. ಡನ್ನವ್ವ ಒಂದು ಪ್ರಶ್ನೆ ಕೇಳಿದಳು.

"ಗೆದ್ದಳೇನು ಅಂತಾಳ, ಯವ್ವಾ."

"ಮೊದಲನೇ ಸಲ ಗೆದ್ದಳು ಅಂತ ಹೇಳು."

ಆಕೆ ತಲೆ ಆಡಿಸಿದಳು. ತೊಟ್ಟಿಲಿನ ಮೇಲೆ ಬಾಗಿ, ಕೂಸಿನ ಕಿವಿಗೆ ಬಾಯಿ ಇಟ್ಟು ಮೂರು ಸಲ ಹೇಳಿದಳು. ಮೂರೂ ಸಲ ಬೇರೆ ಬೇರೆಯಾಗಿ ಬಂತು. ಕೂಸು ಕಣ್ಣು ಬಿಟ್ಟಿತು.

ಬಾಗಿದ ಆ ಅಗಲ ಬೆನ್ನು ಏಳುವ ಮೊದಲೇ ನಾನು ಮುಷ್ಟಿ ಕಟ್ಟಿ ಧಪ್ಪೆಂದು ಒಂದು ಗುದ್ದು ಹಾಕಿದೆ.

ಸೂಲಗಿತ್ತಿಯ ಗುಗ್ಗರಿ ಚೆಲ್ಲಿತು. ಡನ್ನವ್ವ ಎದ್ದು ನಿಂತು, ಕೆಂಪು ಮುಖ ಮಾಡಿ ನನ್ನನ್ನೇ ನೋಡಿದಳು. ನೀಲವ್ವ ಗಡಬಡಿಸಿ ಹೇಳತೊಡಗಿದಳು: ಇದು ನಮ್ಮ ಪದ್ಧತಿ, ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಎಲ್ಲರೂ ಗುದ್ದಬೇಕು.

"ಹೊರಗಿನವರಿಗೆ ಗುದ್ದೂದಿಲ್ಲ, ಮನಿಯವರಿಗೆ ಅಷ್ಟ ಅಂತ ಹೇಳ ನೀಲಾ," ಎಂದೆ.

ಹೇಳಿದಳು. ಡನ್ನವ್ವ ಕೇಳಿದಳು. ಕೇಳಿ, ತಲೆಯ ಬಟ್ಟೆ ಸರಿ ಮಾಡಿಕೊಂಡಳು, ತೊಟ್ಟಿಲಿನ ಎರಡೂ ಸರಪಳಿಯನ್ನು ಗಟ್ಟಿಯಾಗಿ ಹಿಡಿದಳು. ಮತ್ತೆ ಬಾಗಿ ಬೆನ್ನು ಕೊಟ್ಟು, ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಳು.